ಮನೆಯಲ್ಲೇ ಲೋಯರ್ ಆರ್ಮ್ ಬುಷ್ ಬದಲಾಯಿಸುವುದು: ದಾವಣಗೆರೆ, ಚಿತ್ರದುರ್ಗದ ರಸ್ತೆಗಳಲ್ಲಿ ಓಡುವ ಕಾರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಮುಂದಿನ ಚಕ್ರದ ಹತ್ತಿರ ಒಂದು ‘ಟಕ್’. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದರೆ ಇನ್ನೊಂದು ‘ಟಕ್’. ಹಂಪ್ ಇಳಿಯುವಾಗ ‘ಗುಡುಕ್’. ಹೆದ್ದಾರಿಯಲ್ಲಿ ಸ್ಟೀರಿಂಗ್ ತನ್ನಷ್ಟಕ್ಕೆ ಒಂದು ಕಡೆ ವಾಲುತ್ತದೆ. ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದರೂ ಸ್ವಲ್ಪ ದಿನಕ್ಕೆ ಮತ್ತೆ ಅದೇ. ಟೈರಿನ ಒಳ ಅಂಚು ಹೊರ ಅಂಚಿಗಿಂತ ಬೇಗ ಸವೆದಿರುತ್ತದೆ. ಇವು ಒಟ್ಟೊಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಲೋಯರ್ ಆರ್ಮಿನ, ಅಂದರೆ ಮುಂಚಕ್ರವನ್ನು ಕೆಳಗಿನಿಂದ ಕಾರಿನ ಫ್ರೇಮಿಗೆ ಕೂಡಿಸುವ ತೋಳಿನ, ರಬ್ಬರ್ ಬುಷ್‌ಗಳನ್ನು.

ನಮ್ಮ ಕಡೆ ಇವು ಬೇಗ ಸೋಲುವುದಕ್ಕೆ ಕಾರಣವಿದೆ. ದಾವಣಗೆರೆಯ ಮಿಲ್ಲುಗಳ ಕಾಲದಲ್ಲಿ ಹತ್ತಿ ಬೆಳೆದ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ನೆಲದ ಜೊತೆಗೇ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಗುಂಡಿಯೇ ಇಲ್ಲದ ರಸ್ತೆಯೂ ಚಕ್ರವನ್ನು ಬಿಡುವಿಲ್ಲದೆ ಕುಲುಕುತ್ತಿರುತ್ತದೆ. ಜಗಳೂರಿನ ಕಡೆಗೋ ಚಳ್ಳಕೆರೆಯ ಕಡೆಗೋ ಹೊರಟರೆ ಊರು ಬಂದಲ್ಲೆಲ್ಲ ಹಂಪ್, ತೋಟದ ದಾರಿಗೆ ಇಳಿದರೆ ಗಾಡಿಜಾಡು. ಬಿಸಿಲು, ಧೂಳು ಸೇರಿ ರಬ್ಬರನ್ನು ಒಣಗಿಸಿ ಬಿರಿಯುವಂತೆ ಮಾಡುತ್ತವೆ. ಸಮಾಧಾನದ ಸಂಗತಿಯೆಂದರೆ ಬಯಲುಸೀಮೆಯ ಕಾರುಗಳ ಬೋಲ್ಟುಗಳು ಕರಾವಳಿಯ ಕಾರುಗಳ ಹಾಗೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದಿಲ್ಲ. ಮನೆಯಲ್ಲಿ ಈ ಕೆಲಸ ಮಾಡಲು ಧೈರ್ಯ ಬರುವುದು ಅರ್ಧ ಅದರಿಂದಲೇ. ಮಂಗಳೂರು, ಉಡುಪಿ ಕಡೆ ಓಡಿದ ಸೆಕೆಂಡ್ ಹ್ಯಾಂಡ್ ಕಾರು ನಿಮ್ಮದಾಗಿದ್ದರೆ ಈ ಮಾತು ಅನ್ವಯಿಸದು.

ಇಲ್ಲಿ ವಿವರಿಸುವುದು ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ), ಕೆಳಗೆ ಒಂದೇ ಲೋಯರ್ ಆರ್ಮ್ ಇರುವ ಸಣ್ಣ ಕಾರುಗಳ ಕೆಲಸ. ಸ್ವಿಫ್ಟ್, ಐ20 ಮುಂತಾದ ಬಹುಪಾಲು ಹ್ಯಾಚ್‌ಬ್ಯಾಕ್‌ಗಳು ಈ ಜಾತಿಗೇ ಸೇರಿದವು. ಬೋಲ್ಟಿನ ಅಳತೆಗಳು ಕಾರಿನಿಂದ ಕಾರಿಗೆ ಬೇರೆಯಾಗುತ್ತವೆ, ಕೆಲಸದ ಕ್ರಮ ಮಾತ್ರ ಒಂದೇ.

ಬುಷ್ ಒಳಗೆ ನಡೆಯುವುದೇನು

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಬುಷ್ ಅಂದರೆ ಒಂದರೊಳಗೊಂದು ಇಟ್ಟ ಎರಡು ಕಬ್ಬಿಣದ ಕೊಳವೆ, ನಡುವೆ ರಬ್ಬರ್. ಹೊರಗಿನ ಕೊಳವೆ ಆರ್ಮಿನ ಕಣ್ಣಿನೊಳಗೆ (ದುಂಡು ರಂಧ್ರದೊಳಗೆ) ಗಟ್ಟಿಯಾಗಿ ಕೂತಿರುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟು ಕಾರಿನ ಫ್ರೇಮಿಗೆ ಅದುಮಿ ಹಿಡಿದಿರುತ್ತದೆ. ರಬ್ಬರ್ ಎರಡಕ್ಕೂ ಅಂಟಿಕೊಂಡೇ ತಯಾರಾಗಿರುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಇಲ್ಲಿ ಯಾವುದೂ ಜಾರಿ ಸುತ್ತುವುದಿಲ್ಲ. ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಈ ಬುಷ್‌ಗೆ ಗ್ರೀಸ್ ಬೇಕಿಲ್ಲ.

ಹಾಗಾದರೆ ರಬ್ಬರ್ ತಿರುಚದೆ ಆರಾಮವಾಗಿರುವ ಸ್ಥಾನ ಯಾವುದು? ಬೋಲ್ಟು ಬಿಗಿ ಮಾಡಿದ ಕ್ಷಣದಲ್ಲಿ ಆರ್ಮ್ ಎಲ್ಲಿತ್ತೋ ಅದು. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟು ಪೂರ್ತಿ ಬಿಗಿದರೆ, ಜೋತುಬಿದ್ದ ಸ್ಥಾನವೇ ರಬ್ಬರಿನ ವಿಶ್ರಾಂತಿ ಸ್ಥಾನವಾಗುತ್ತದೆ. ಆರ್ಮಿನ ಉದ್ದ 35 ಸೆಂಟಿಮೀಟರ್, ಚಕ್ರ ಜೋತುಬಿದ್ದದ್ದು 9 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಆರ್ಮ್ ಸುಮಾರು 15 ಡಿಗ್ರಿ ತಿರುಗಿರುತ್ತದೆ. ಕಾರು ನೆಲಕ್ಕಿಳಿದ ಮೇಲೆ ಆ 15 ಡಿಗ್ರಿ ತಿರುಚು ರಬ್ಬರಿನೊಳಗೆ ಹಗಲೂ ರಾತ್ರಿ ಉಳಿದುಬಿಡುತ್ತದೆ, ಮನೆ ಮುಂದೆ ನಿಂತಿದ್ದಾಗಲೂ. ಹಂಪ್ ಸಿಕ್ಕಿದಾಗ ಅದರ ಮೇಲೆ ಇನ್ನಷ್ಟು. ಹೊಸ ಬುಷ್ ಹಾಕಿಸಿದ ಕೆಲವೇ ತಿಂಗಳಿಗೆ ರಬ್ಬರ್ ಹರಿದು ಹಳೆಯ ಸದ್ದು ಮರಳುವುದು ಬಹಳ ಸಲ ಇದೇ ಕಾರಣಕ್ಕೆ. ಜನ ಬೈಯುವುದು ಮಾತ್ರ ಪಾರ್ಟಿನ ಗುಣಮಟ್ಟವನ್ನು.

ಕೊನೆಯ ಬಿಗಿತ ಚಕ್ರದ ಮೇಲೆ ಕಾರಿನ ಭಾರ ಇರುವಾಗಲೇ ಆಗಬೇಕು. ಮನೆಯಲ್ಲಿ ಮಾಡುವವನಿಗೆ ಇದಕ್ಕೆ ಸಮಯವಿದೆ ಎಂಬುದೇ ಈ ಕೆಲಸ ಮನೆಯಲ್ಲಿ ಚೆನ್ನಾಗಿ ಆಗುತ್ತದೆ ಅನ್ನುವುದಕ್ಕೆ ನನ್ನ ಮುಖ್ಯ ವಾದ.

ಬುಷ್ಷೇ ಹೋಗಿದೆಯೇ, ನೋಡಿಕೊಳ್ಳಿ

ಸದ್ದು ಕೇಳಿದ ತಕ್ಷಣ ಸಾಮಾನು ತರಲು ಹೊರಡಬೇಡಿ. ಮುಂಭಾಗದಲ್ಲಿ ಸದ್ದು ಮಾಡುವವು ಇನ್ನೂ ಮೂರು ನಾಲ್ಕಿವೆ: ಸ್ಟೆಬಿಲೈಸರ್ ಬಾರಿನ (ಎಡ, ಬಲ ಬದಿಗಳನ್ನು ಕೂಡಿಸುವ ಸರಳಿನ) ಲಿಂಕ್, ಸ್ಟ್ರಟ್ಟಿನ ಮೇಲಿನ ಮೌಂಟ್, ಆರ್ಮಿನ ಹೊರತುದಿಯ ಗೋಲಿ ಕೀಲಾದ ಬಾಲ್ ಜಾಯಿಂಟ್, ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡಿನ ತುದಿ. ಸಣ್ಣ ಸಣ್ಣ ಕಲ್ಲಿನ ಮೇಲೆ ‘ಕಟಕಟ’ ಅಂದರೆ ಲಿಂಕ್ ಇರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಮೀಟಿದ ಸದ್ದಾದರೆ ಮೌಂಟ್. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೊಂದೇ ಏಟು ಬಿದ್ದರೆ ಆರ್ಮಿನ ಬುಷ್, ಅದರಲ್ಲೂ ಹಿಂದಿನದು.

ಕಾರಿನ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲಿಟ್ಟು ಟಾರ್ಚ್ ಹಿಡಿದು ನೋಡಿ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಗಾಬರಿಯಿಲ್ಲ, ಅದು ವಯಸ್ಸು. ಬಿರುಕು ಆಳಕ್ಕಿಳಿದು ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡಿದ್ದರೆ, ಒಳಕೊಳವೆ ನಡುವಿನಿಂದ ಒಂದು ಪಕ್ಕಕ್ಕೆ ಸರಿದಿದ್ದರೆ ಅದರ ಕೆಲಸ ಮುಗಿದಿದೆ. ಆರ್ಮಿಗೂ ಫ್ರೇಮಿಗೂ ನಡುವೆ ಟಾಮಿ (ಮೀಟುವ ಕಬ್ಬಿಣದ ಸರಳು) ತೂರಿಸಿ ಹದವಾಗಿ ಮೀಟಿ. ರಬ್ಬರ್ ಸ್ವಲ್ಪ ಬಗ್ಗಿ ತಿರುಗಿ ಬರಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಏಟು ಕೈಗೆ ಗೊತ್ತಾಗಬಾರದು. ಕೆಲವು ಹಿಂದಿನ ಬುಷ್‌ಗಳಲ್ಲಿ ರಬ್ಬರಿನ ನಡುವೆ ಬೇಕೆಂದೇ ಬಿಟ್ಟ ಖಾಲಿ ಸಂದುಗಳಿರುತ್ತವೆ, ಅವನ್ನು ಹರಿದದ್ದು ಎಂದು ತಿಳಿಯಬಾರದು. ಹರಿದ ರಬ್ಬರಿನ ಅಂಚು ಒರಟು, ಅಚ್ಚಿನಲ್ಲಿ ಬಂದ ಸಂದಿನ ಅಂಚು ನುಣುಪು.

ಇದೇ ಹೊತ್ತಿಗೆ ಬಾಲ್ ಜಾಯಿಂಟನ್ನೂ ಪರೀಕ್ಷಿಸಿ. ಚಕ್ರದ ಕೆಳಗೆ ಟಾಮಿ ಕೊಟ್ಟು ಮೇಲಕ್ಕೆತ್ತಿದಾಗ ಜಾಯಿಂಟಿನಲ್ಲಿ ಆಟ ಕಂಡರೆ, ಅಥವಾ ಅದರ ರಬ್ಬರ್ ಟೊಪ್ಪಿಗೆ ಹರಿದು ಗ್ರೀಸಿನೊಳಗೆ ಧೂಳು ಸೇರಿದ್ದರೆ, ಮುಂದಿನ ನಿರ್ಧಾರ ಸುಲಭ.

ಬುಷ್ ಮಾತ್ರವೋ, ಪೂರ್ತಿ ಆರ್ಮೋ

ಬಾಲ್ ಜಾಯಿಂಟ್ ಆರ್ಮಿಗೇ ಕೂಡಿಕೊಂಡಿರುವ ಕಾರಿನಲ್ಲಿ ಅದೂ ಸಡಿಲವಾಗಿದ್ದರೆ ಯೋಚಿಸಲೇಬೇಡಿ, ಬುಷ್ ಸಮೇತ ಬರುವ ಪೂರ್ತಿ ಆರ್ಮ್ ತನ್ನಿ. ಒತ್ತಿ ಕೂರಿಸುವ ಕಷ್ಟವೇ ಇಲ್ಲ. ಗುಂಡಿಗೆ ಬಿದ್ದು ಆರ್ಮ್ ಬಗ್ಗಿದ್ದರೂ ಇದೇ ಮಾತು. ಬಗ್ಗಿದ ಆರ್ಮನ್ನು ಬಡಿದು ನೇರ ಮಾಡಿ ಹಾಕುವುದು ಬೇಡ. ಬಾಲ್ ಜಾಯಿಂಟ್ ಗಟ್ಟಿಯಾಗಿದ್ದು ಆರ್ಮ್ ನೆಟ್ಟಗಿದ್ದರೆ ಬುಷ್ ಮಾತ್ರ ಸಾಕು, ಖರ್ಚು ಎಷ್ಟೋ ಪಾಲು ಕಡಿಮೆ.

ಅಂಗಡಿಯಲ್ಲಿ ಕಾರಿನ ಮಾಡೆಲ್ ಜೊತೆಗೆ ತಯಾರಾದ ವರ್ಷ, ಪೆಟ್ರೋಲೋ ಡೀಸೆಲೋ ಹೇಳಿ. ಒಂದೇ ಹೆಸರಿನ ಕಾರಿನಲ್ಲೂ ಬುಷ್ ಬೇರೆಯಿರಬಹುದು. ಕಂಪನಿಯ ಪ್ಯಾಕೆಟ್ಟಿನದಾದರೆ ಒಳ್ಳೆಯದು, ಇಲ್ಲವಾದರೆ ಹೆಸರಿರುವ ತಯಾರಕರದು. ಪಾಲಿಯುರಿಥೇನ್ ಬುಷ್ ಮನೆಮಂದಿ ಓಡಾಡುವ ಕಾರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಅದು ಗಟ್ಟಿ, ರಸ್ತೆಯ ಪ್ರತಿ ಏಟನ್ನೂ ಒಳಗೆ ತರುತ್ತದೆ. ರಬ್ಬರಿನಂತೆ ತಿರುಚದೆ ಜಾರಿ ಸುತ್ತುವುದರಿಂದ ಗ್ರೀಸ್ ಒಣಗಿ ಧೂಳು ಹೊಕ್ಕರೆ ಕಿರುಗುಡುತ್ತದೆ.

ಎಡ, ಬಲ ಎರಡೂ ಬದಿಗೆ ಹಾಕಿ. ಆದರೆ ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಹಾಗೇ ಇದ್ದರೆ ಯಾವುದು ಹೇಗಿತ್ತು ಎಂದು ಕಣ್ಣೆದುರೇ ನೋಡಿಕೊಳ್ಳಬಹುದು.

ಜಾಗ ಮತ್ತು ಸಾಮಾನು

ಕಾಂಕ್ರೀಟ್ ಅಥವಾ ಗಟ್ಟಿ ಕಲ್ಲುಹಾಸಿನ ಸಮತಟ್ಟಾದ ನೆಲ ಬೇಕೇ ಬೇಕು. ಎರೆಮಣ್ಣಿನ ಅಂಗಳ ಒಣಗಿದಾಗ ಕಲ್ಲಿನಷ್ಟು ಗಟ್ಟಿ ಕಾಣುತ್ತದೆ, ಆದರೆ ಬಿರುಕಿನ ಅಂಚಿಗೆ ಸ್ಟ್ಯಾಂಡಿನ ಕಾಲು ಬಿದ್ದರೆ ಕುಸಿಯುತ್ತದೆ. ಮನೆ ಮುಂದೆ ಇಳಿಜಾರಿನ ರ‍್ಯಾಂಪ್ ಮಾತ್ರ ಇದ್ದರೆ ಪರಿಚಯದವರ ಸಮತಟ್ಟಾದ ಶೆಡ್ ಕೇಳಿ ಪಡೆಯಿರಿ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಬೇಗ ಶುರು ಮಾಡಿ. ಮಧ್ಯಾಹ್ನದ ಬಿಸಿಲಿಗೆ ಕಾದ ಕಬ್ಬಿಣ ಹಿಡಿದು ತಾಳ್ಮೆಯಿಂದ ಕೆಲಸ ಮಾಡುವುದು ಕಷ್ಟ.

2 ಟನ್ನಿನ ಹೈಡ್ರಾಲಿಕ್ ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಲು ಮರದ ತುಂಡು. 14, 17, 19 ಎಂಎಂ ಸಾಕೆಟ್ ಮತ್ತು ರಿಂಗ್ ಪಾನಾ. ಮಾರುತಿ ಕಾರುಗಳ ಚಕ್ರದ ನಟ್ಟಿಗೆ 19, ಹ್ಯುಂಡೈಗೆ 21. ಉದ್ದ ಹಿಡಿಯ ಬ್ರೇಕರ್ ಬಾರ್, ಸುತ್ತಿಗೆ, ಟಾಮಿ, ಟೇಪು, ಬಿಳಿ ಪೇಂಟ್ ಮಾರ್ಕರ್, ತುಕ್ಕು ಬಿಡಿಸುವ ಸ್ಪ್ರೇ, ಕಣ್ಣಿಗೆ ಕನ್ನಡಕ. ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತೋರಿಸುವ ಪಾನಾ) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೊಳ್ಳಲಾಗದಿದ್ದರೆ ಯಾರಿಂದಲಾದರೂ ಒಂದು ದಿನಕ್ಕೆ ತನ್ನಿ.

ಕಾರಿನ ಜೊತೆ ಬಂದ ಜಾಕ್ ಸ್ಟೆಪ್ನಿ ಬದಲಿಸುವುದಕ್ಕೆ ಮಾತ್ರ. ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ: ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಿ ಕಾರು ನಿಲ್ಲಿಸುವುದನ್ನು ನೋಡಿದ್ದೇನೆ. ಅವು ಎಚ್ಚರಿಕೆಯೇ ಕೊಡದೆ ಒಮ್ಮೆಲೇ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಬದಿಯ ಸಿಲ್ ಕೆಳಗೆ ಅಡ್ಡ ಮಲಗಿಸಿಡಿ, ಏನೇ ಆದರೂ ಕಾರು ಅದರ ಮೇಲೆ ಕೂರುತ್ತದೆ.

ಬಿಚ್ಚುವುದು

ಹಿಂದಿನ ದಿನ ಸಂಜೆಯೇ ಬೋಲ್ಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಸ್ಪ್ರೇ ಹೊಡೆದಿಡಿ. ಸ್ಪ್ರೇ ಬ್ರೇಕ್ ಡಿಸ್ಕಿಗೆ ತಾಗದಿರಲಿ.

ಕಾರು ಎತ್ತುವ ಮೊದಲು, ಚಕ್ರಗಳು ನೆಲದ ಮೇಲಿರುವಾಗಲೇ, ಚಕ್ರದ ನಡುಭಾಗವಾದ ಹಬ್ಬಿನ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪು ಹಿಡಿದು ಅಳೆಯಿರಿ. ಎಡ, ಬಲ ಎರಡೂ ಬರೆದಿಡಿ. ಕೊನೆಯ ಬಿಗಿತಕ್ಕೆ ಬೇಕಾಗುವ ಅಳತೆ ಇದೇ. ಕಾರೊಳಗೆ ಯಾರೂ ಕೂತಿರಬಾರದು, ಡಿಕ್ಕಿಯಲ್ಲಿ ಮೂಟೆ ಇರಬಾರದು.

ಹ್ಯಾಂಡ್ ಬ್ರೇಕ್ ಎಳೆದು, ಹಿಂಚಕ್ರಕ್ಕೆ ಅಡ್ಡ ಕೊಟ್ಟು, ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ. ಆಮೇಲೆ ಮುಂಭಾಗದ ಎರಡೂ ಬದಿ ಎತ್ತಿ ಸ್ಟ್ಯಾಂಡ್ ಮೇಲಿಡಿ. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ಎರಡು ಬದಿಗಳ ನಡುವೆ ತಿರುಚಿಕೊಂಡು ಆರ್ಮನ್ನು ಒತ್ತುತ್ತಿರುತ್ತದೆ. ಕಾರನ್ನು ಎರಡೂ ಕೈಯಿಂದ ಅಲುಗಿಸಿ ನೋಡಿ. ಬೀಳುವುದಾದರೆ ನೀವು ಕೆಳಗೆ ಹೋಗುವ ಮೊದಲೇ ಗೊತ್ತಾಗಲಿ.

ಚಕ್ರ ತೆಗೆದ ಮೇಲೆ, ಸ್ಟೆಬಿಲೈಸರ್ ಲಿಂಕ್ ಆರ್ಮಿಗೆ ಕೂಡಿದ್ದರೆ ಅದನ್ನು ಬಿಡಿಸಿ. ನಂತರ ಬಾಲ್ ಜಾಯಿಂಟ್. ಮಾರುತಿಯ ಹಲವು ಸಣ್ಣ ಕಾರುಗಳಲ್ಲಿ ಬಾಲ್ ಜಾಯಿಂಟಿನ ಕಡ್ಡಿಯನ್ನು ನಕಲ್ಲಿನಲ್ಲಿ (ಚಕ್ರದ ಹಬ್ಬನ್ನು ಹೊತ್ತಿರುವ ಕಬ್ಬಿಣದ ಭಾಗದಲ್ಲಿ) ಒಂದು ಅಡ್ಡ ಬೋಲ್ಟು ಅದುಮಿ ಹಿಡಿದಿರುತ್ತದೆ. ಆ ಬೋಲ್ಟು ಕಡ್ಡಿಯ ತೋಡಿನೊಳಗೆ ಹಾದುಹೋಗುವುದರಿಂದ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು. ಸೀಳಿನೊಳಗೆ ಚಪ್ಪಟೆ ಉಳಿ ಇಟ್ಟು ತುಸು ಅಗಲಿಸಿ, ಆರ್ಮನ್ನು ಕೆಳಕ್ಕೆ ಒತ್ತಿದರೆ ಕಡ್ಡಿ ಬಿಟ್ಟುಕೊಳ್ಳುತ್ತದೆ. ಅಗಲಿಸುವುದು ಅತಿಯಾದರೆ ನಕಲ್ ಸೀಳುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಕಡ್ಡಿ ಮೊನಚಾಗಿದ್ದು ನಟ್ಟು, ಸ್ಪ್ಲಿಟ್ ಪಿನ್ ಇರುತ್ತದೆ. ನಟ್ಟನ್ನು ತುದಿಯವರೆಗೆ ಸಡಿಲಿಸಿ, ಪೂರ್ತಿ ತೆಗೆಯದೆ, ನಕಲ್ಲಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಒಂದೆರಡು ಗಟ್ಟಿ ಏಟು ಕೊಟ್ಟರೆ ಬಿಡುತ್ತದೆ. ಕಡ್ಡಿಯ ತುದಿಗೆ ಹೊಡೆದರೆ ಮರೆಯೇ (ಥ್ರೆಡ್) ಹಾಳಾಗುತ್ತದೆ.

ಬಾಲ್ ಜಾಯಿಂಟ್ ಬಿಟ್ಟ ಕ್ಷಣ ನಕಲ್ ಸ್ವತಂತ್ರವಾಗುತ್ತದೆ. ಅದನ್ನು ಹೊರಕ್ಕೆ ಎಳೆಯಬೇಡಿ. ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚಿಕೊಂಡೀತು. ಬ್ರೇಕ್ ಹೋಸ್, ಎಬಿಎಸ್ ತಂತಿ ಬಿಗಿಯಾಗದಂತೆ ನಕಲ್ಲನ್ನು ತಂತಿಯಿಂದ ಕಟ್ಟಿ ನಿಲ್ಲಿಸಿ.

ಈಗ ಆರ್ಮಿನ ಮುಂದಿನ, ಹಿಂದಿನ ಬೋಲ್ಟುಗಳು. ಬಿಚ್ಚುವ ಮೊದಲು ಯಾವ ವಾಷರ್ ಎಲ್ಲಿತ್ತು, ಬೋಲ್ಟು ಯಾವ ಕಡೆಯಿಂದ ಹೊಕ್ಕಿತ್ತು ಎಂದು ಫೋಟೋ ತೆಗೆದುಕೊಳ್ಳಿ. ಬೋಲ್ಟು ತಲೆ ತಿರುಗುತ್ತಿದ್ದರೂ ಹೊರಗೆ ಬರದಿದ್ದರೆ ಅದು ಬುಷ್ಷಿನ ಒಳಕೊಳವೆಗೆ ತುಕ್ಕಿನಿಂದ ಅಂಟಿದೆ. ಸ್ಪ್ರೇ ಹೊಡೆದು, ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಬಿಡಿಸಿ. ರಬ್ಬರಿನ ಪಕ್ಕದಲ್ಲಿ ಗ್ಯಾಸ್ ಬೆಂಕಿ ಹಿಡಿಯುವುದು ಬೇಡ, ಉರಿದ ರಬ್ಬರಿನ ಹೊಗೆ ಎದೆಗೆ ಕೆಟ್ಟದ್ದು.

ಹಳೆಯದು ತೆಗೆದು ಹೊಸದು ಕೂರಿಸುವುದು

ಆರ್ಮ್ ಕೈಗೆ ಬಂದ ಮೇಲೆ ಎರಡು ವಿಷಯ ಗುರುತು ಹಾಕಿಕೊಳ್ಳಿ. ಹಳೆ ಬುಷ್ಷಿನ ರಬ್ಬರ್ ಸಂದುಗಳು ಯಾವ ದಿಕ್ಕಿಗಿವೆ ಎಂದು ಆರ್ಮಿನ ಮೇಲೆ ಪೇಂಟಿನಿಂದ ಗೆರೆ. ಬುಷ್ಷಿನ ಅಂಚು ಕಣ್ಣಿನಿಂದ ಎಷ್ಟು ಹೊರಗಿದೆ ಎಂದು ಸ್ಕೇಲಿನಿಂದ ಅಳತೆ. ಸಂದಿನ ದಿಕ್ಕು ತಪ್ಪಿದರೆ ಬ್ರೇಕ್ ಹಿಡಿದಾಗ ಆರ್ಮ್ ಎಷ್ಟು ಹಿಂದಕ್ಕೆ ಬಗ್ಗಬೇಕೋ ಅದಕ್ಕಿಂತ ಹೆಚ್ಚು ಬಗ್ಗುತ್ತದೆ, ಹೊಸ ಬುಷ್ ಇದ್ದೂ ಸ್ಟೀರಿಂಗ್ ಎಳೆಯುತ್ತದೆ.

ಇಲ್ಲಿ ನನ್ನ ಸಲಹೆ: ಆರ್ಮ್ ಹಿಡಿದುಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋಗಿ. ಲೇತ್‌ಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿತ್ತು. ಈ ಭಾಗಕ್ಕೆ ಆ ಕಸುಬು ಹೊಸದಲ್ಲ. ಕೊಟ್ಟು ಬರುವ ಬದಲು ಎದುರಿಗೇ ನಿಂತು ಹೇಳಿ: “ಅಣ್ಣಾ, ಹೊರಗಿನ ರಿಂಗಿನ ಮೇಲೆ ಮಾತ್ರ ಒತ್ತು ಕೊಡಿ, ರಬ್ಬರ್ ಮೇಲೆ ಬೇಡ. ಈ ಗೆರೆಗೆ ಸರಿಯಾಗಿ ಕೂರಬೇಕು.” ಒಳಕೊಳವೆಯ ಮೇಲೆ ಒತ್ತಿ ಕೂರಿಸಿದರೆ ರಬ್ಬರಿನ ಅಂಟು ಅಲ್ಲೇ ಬಿಟ್ಟುಹೋಗುತ್ತದೆ, ಹೊರಗೆ ಕಾಣುವುದೂ ಇಲ್ಲ. ಆರ್ಮ್ ತಗಡಿನಿಂದ ಒತ್ತಿ ಮಾಡಿದ್ದಾದರೆ ಕಣ್ಣಿನ ಸುತ್ತ ಕೆಳಗಿನಿಂದ ಸರಿಯಾದ ಆಸರೆ ಇರಬೇಕು, ಇಲ್ಲದಿದ್ದರೆ ಕಣ್ಣೇ ಸೊಟ್ಟಗಾಗುತ್ತದೆ.

ಪ್ರೆಸ್ ಸಿಗದಿದ್ದರೆ ಮನೆಯಲ್ಲೂ ಮಾಡಬಹುದು. ಹೈ ಟೆನ್ಸೈಲ್ 12 ಅಥವಾ 14 ಎಂಎಂ ಉದ್ದ ಬೋಲ್ಟು, ದಪ್ಪ ವಾಷರ್‌ಗಳು, ಎರಡು ಪೈಪ್ ತುಂಡು. ಒಂದು ಪೈಪು ಬುಷ್ಷನ್ನು ನುಂಗುವಷ್ಟು ಅಗಲ, ಇನ್ನೊಂದು ಬುಷ್ಷಿನ ಹೊರರಿಂಗಿಗಿಂತ ಕೂದಲೆಳೆಯಷ್ಟು ಚಿಕ್ಕದು. ದೊಡ್ಡ ಸಾಕೆಟ್ ಕೂಡ ಆಗುತ್ತದೆ. ಆರ್ಮಿನ ಒಂದು ಬದಿಗೆ ಅಗಲದ ಪೈಪು, ಇನ್ನೊಂದು ಬದಿಗೆ ಚಿಕ್ಕದು, ನಡುವೆ ಬೋಲ್ಟು. ಮರೆಗೆ ಗ್ರೀಸ್ ಹಚ್ಚಿ ನಟ್ಟು ಬಿಗಿಯುತ್ತಾ ಹೋದರೆ ಹಳೆ ಬುಷ್ ಅಗಲದ ಪೈಪಿನೊಳಕ್ಕೆ ಸರಿಯುತ್ತದೆ. ಜಗ್ಗದಿದ್ದರೆ ರಬ್ಬರನ್ನು ಕೊರೆದು ತೆಗೆದು, ಹೊರರಿಂಗನ್ನು ಒಳಗಿನಿಂದ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಉಳಿಯಿಂದ ಒಳಕ್ಕೆ ಮಡಿಸಿ ಎಳೆಯಿರಿ. ಬ್ಲೇಡು ಆರ್ಮಿನ ಕಣ್ಣಿಗೆ ಇಳಿಯುವ ಮೊದಲೇ ನಿಲ್ಲಿಸುವ ಎಚ್ಚರ ಇರಲಿ.

ಕಣ್ಣಿನ ಒಳಗೋಡೆಯನ್ನು ನಯವಾದ ಎಮರಿ ಕಾಗದದಿಂದ ತುಕ್ಕು ಹೋಗುವಷ್ಟು ಮಾತ್ರ ಉಜ್ಜಿ. ಹೊಸ ಬುಷ್ಷನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ 40 ಎಂಎಂ ರಿಂಗು ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ಕುಗ್ಗುತ್ತದೆ. ಅಲ್ಪವೇ ಆದರೂ ನೆಟ್ಟಗೆ ಹೊಕ್ಕಲು ಅನುಕೂಲ. ಜಾರಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್, ಗ್ರೀಸ್ ರಬ್ಬರಿಗೆ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಮೊದಲ ಕೆಲವು ಮಿಲಿಮೀಟರ್ ಓರೆಯಿಲ್ಲದೆ ಹೋದರೆ ಉಳಿದದ್ದೂ ಹೋಗುತ್ತದೆ. ಓರೆಯಾಯಿತು ಅನಿಸಿದರೆ ಬಲ ಹಾಕಬೇಡಿ, ಹಿಂತೆಗೆದು ಮತ್ತೆ ಶುರು ಮಾಡಿ.

ಜೋಡಣೆ, ಮತ್ತು ಬಿಗಿಯುವ ಗಳಿಗೆ

ಆರ್ಮನ್ನು ಜಾಗಕ್ಕಿಟ್ಟು ಎರಡೂ ಬೋಲ್ಟುಗಳನ್ನು ಮೊದಲು ಬರಿಗೈಯಿಂದ ತಿರುಗಿಸಿ. ನಾಲ್ಕೈದು ಸುತ್ತು ಕೈಯಲ್ಲೇ ಹೋಗದಿದ್ದರೆ ಮರೆ ತಪ್ಪಿದೆ. ಲಾಕ್ ನಟ್ಟುಗಳನ್ನು, ಸ್ಪ್ಲಿಟ್ ಪಿನ್ನನ್ನು ಹೊಸದೇ ಹಾಕಿ. ಬಾಲ್ ಜಾಯಿಂಟಿನ ಕಡ್ಡಿ ಪೂರ್ತಿ ಒಳಗೆ ಕೂತು, ಅಡ್ಡ ಬೋಲ್ಟು ತಡೆಯಿಲ್ಲದೆ ಹಾದರೆ ಅದನ್ನು ಈಗಲೇ ಪೂರ್ತಿ ಬಿಗಿಯಬಹುದು. ಲಿಂಕನ್ನೂ ಕೂಡಿಸಿ. ಆರ್ಮಿನ ಬುಷ್ ಬೋಲ್ಟುಗಳನ್ನು ಮಾತ್ರ ಆಟವಿಲ್ಲದಷ್ಟು ತಂದು ಬಿಡಿ.

ಈಗ ಟ್ರಾಲಿ ಜಾಕನ್ನು ಬಾಲ್ ಜಾಯಿಂಟಿನ ಹತ್ತಿರ ಆರ್ಮಿನ ಗಟ್ಟಿ ಭಾಗದ ಕೆಳಗೆ, ನಡುವೆ ಮರದ ತುಂಡು ಕೊಟ್ಟು, ಮೆಲ್ಲಗೆ ಎತ್ತಿ. ಹಬ್ಬಿನ ನಡುವಿನಿಂದ ಫೆಂಡರಿಗೆ ಬರೆದಿಟ್ಟ ಅಳತೆ ಬರುವವರೆಗೆ. ಎತ್ತುವಾಗ ಕಣ್ಣು ಸ್ಟ್ಯಾಂಡಿನ ಮೇಲಿರಲಿ. ಕಾರು ಸ್ಟ್ಯಾಂಡಿನಿಂದ ಏಳತೊಡಗಿದರೆ ತಕ್ಷಣ ನಿಲ್ಲಿಸಿ ಇಳಿಸಿ. ಹಗುರ ಕಾರುಗಳಲ್ಲಿ ಹೀಗಾಗುವುದುಂಟು. ಆಗ ಎರಡನೇ ದಾರಿ ಹಿಡಿಯಬೇಕು: ಚಕ್ರ ಹಾಕಿ, ಮುಂದಿನ ಎರಡೂ ಚಕ್ರಗಳನ್ನು ಅಗಲವಾದ, ಜಾರದ ಗಟ್ಟಿ ಮರದ ದಿಮ್ಮಿಗಳ ಮೇಲೆ ಇಳಿಸಿ, ಬಾನೆಟ್ಟನ್ನು ಕೆಲವು ಸಲ ಒತ್ತಿ ಬಿಟ್ಟು ಸಸ್ಪೆನ್ಷನ್ ತನ್ನ ಸ್ಥಾನಕ್ಕೆ ಬರುವಂತೆ ಮಾಡಿ, ಸ್ಟೀರಿಂಗ್ ಒಂದು ಕಡೆ ತಿರುಗಿಸಿ ಸಿಕ್ಕ ಜಾಗದಿಂದ ಬೋಲ್ಟು ಬಿಗಿಯಿರಿ. ಸಡಿಲ ಬೋಲ್ಟಿನಲ್ಲೇ ಸರ್ವೀಸ್ ಸ್ಟೇಷನ್ನಿನ ರ‍್ಯಾಂಪಿನವರೆಗೆ ಓಡಿಸಿಕೊಂಡು ಹೋಗುವುದು ಬೇಡವೇ ಬೇಡ.

ಅಡ್ಡ ಮಲಗಿದ ಬೋಲ್ಟಿನ ಬುಷ್ಷಿಗೆ ಈ ಎತ್ತರದ ನಿಯಮ ಪ್ರಾಣ. ಹಿಂದಿನ ಬುಷ್ಷಿನ ಬೋಲ್ಟು ನೆಟ್ಟಗೆ ನಿಂತಿದ್ದರೆ ಅಲ್ಲಿ ರಬ್ಬರ್ ಅಷ್ಟು ತಿರುಚುವುದಿಲ್ಲ; ಆದರೂ ಅದನ್ನೂ ಇದೇ ಸ್ಥಿತಿಯಲ್ಲಿ ಬಿಗಿಯುವುದು ಒಳ್ಳೆಯದು.

ಎಷ್ಟು ಬಿಗಿ? ಸಣ್ಣ ಕಾರುಗಳಲ್ಲಿ ಆರ್ಮಿನ ಬೋಲ್ಟಿಗೆ ಸಾಮಾನ್ಯವಾಗಿ ನೂರು ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ ಇರುತ್ತದೆ, ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 10 ಕಿಲೋ ಭಾರ. ಇದು ಅಂದಾಜು ತಿಳಿಯಲಿಕ್ಕೆ ಮಾತ್ರ. ನಿಮ್ಮ ಕಾರಿನ ಸರ್ವೀಸ್ ಮ್ಯಾನುವಲ್ಲಿನ ಸಂಖ್ಯೆಯನ್ನೇ ಹಾಕಬೇಕು. ಟಾರ್ಕಿನ ಜೊತೆ ಇಷ್ಟು ಡಿಗ್ರಿ ತಿರುಗಿಸಿ ಎಂದು ಬರೆದಿದ್ದರೆ ಹಾಗೆಯೇ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಫ್ರೇಮಿನವರೆಗೆ ಒಂದು ಬಿಳಿ ಗೆರೆ ಎಳೆಯಿರಿ. ಮುಂದೆ ಅದು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ.

ಮೊದಲ ಓಡಾಟ

ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಕಾರು ಇಳಿಸಿ, ಟಾರ್ಕ್ ಕೊಡಿ. ಓಡಿಸುವ ಮೊದಲು ಬ್ರೇಕ್ ಪೆಡಲ್ ಒತ್ತಿ ನೋಡಿ, ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ಹೋಸ್, ತಂತಿ ಎಲ್ಲೂ ಎಳೆಯುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಮೊದಲು ನಿಮ್ಮದೇ ಬೀದಿಯಲ್ಲಿ ನಿಧಾನಕ್ಕೆ, ಆಮೇಲೆ ಒಂದೆರಡು ಹಂಪ್ ದಾಟಿ, ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಆ ‘ಟಕ್’ ಹೋಗಿರಬೇಕು. ಮನೆಗೆ ಬಂದು ಬಿಳಿ ಗೆರೆ ನೋಡಿ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಎರಡೂ ಬದಿ ಮುಗಿದ ಮೇಲೆ ಒಂದೆರಡು ದಿನದೊಳಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ; ಅಲ್ಲಿಯವರೆಗೆ ಹೆದ್ದಾರಿಯ ದೂರ ಪ್ರಯಾಣ ಬೇಡ. ಹಳೆ ಸಡಿಲ ಬುಷ್ಷಿಗೆ ಹೊಂದಿಸಿದ್ದ ಟೋ (ಮುಂಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಈಗ ತಪ್ಪಾಗಿರುತ್ತದೆ, ಹಾಗೇ ಬಿಟ್ಟರೆ ಟೈರು ಸವೆಯುತ್ತದೆ. ಸರಿಪಡಿಸುವ ಮೊದಲಿನ ಮತ್ತು ನಂತರದ ಎರಡೂ ರೀಡಿಂಗಿನ ಪ್ರಿಂಟ್ ಕೇಳಿ ಪಡೆಯಿರಿ. ಟೋ ಸರಿಯಾಗಿ ಬಂದು ಒಂದು ಬದಿಯ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮಾತ್ರ ಮಿತಿಯೊಳಗೆ ಬಾರದಿದ್ದರೆ ಆ ಬದಿಯ ಆರ್ಮ್, ನಕಲ್ ಅಥವಾ ಸ್ಟ್ರಟ್ ಬಗ್ಗಿರುವ ಸಾಧ್ಯತೆಯಿದೆ; ಬುಷ್ಷನ್ನು ಮತ್ತೆ ಬಿಚ್ಚುವ ಮೊದಲು ಅವುಗಳನ್ನು ಇನ್ನೊಂದು ಬದಿಯ ಜೊತೆ ಅಳತೆ ಹಿಡಿದು ನೋಡಿ.